ಹಿತ್ತಲ ನಲ್ಲಿಗೆ ಟೋಪಿ ಹಾಕಿದರೆ ಸಾಕಾ?

ಪ್ರಶ್ನೆ: ನಮ್ಮೂರು ಶಿವಮೊಗ್ಗ, ಈಗ ಇರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಎರಡು ವರ್ಷದ ಹಿಂದೆ ಮನೆ ಕೊಂಡೆವು. ಅಡುಗೆಮನೆಯ ಹಿಂಬದಿ ಗೋಡೆಯ ಹೊರಗೆ, ಉತ್ತರ ದಿಕ್ಕಿಗೆ, ತೋಟಕ್ಕೆಂದು ಒಂದು ನಲ್ಲಿ ಇದೆ. ಕಳೆದ ಚಳಿಗಾಲ ಅದು ಹೆಪ್ಪುಗಟ್ಟಿತು. ಬಬಲ್ ರ‍್ಯಾಪ್ ಸುತ್ತಿ, ಮೇಲೆ ಹಳೆಯ ಟವೆಲ್ ಕಟ್ಟಿದ್ದೆವು. ನಾಲ್ಕು ದಿನ ಬಿಟ್ಟು ಬಿಸಿಲು ಬಂದಾಗ ಸಿಂಕ್ ಕೆಳಗಿನ ಕಪಾಟಿನಲ್ಲಿ ಗೋಡೆ ಒದ್ದೆಯಾಗಿತ್ತು. ಪ್ಲಂಬರ್ ಬಂದು ನಲ್ಲಿಯನ್ನೂ ಒಂದು ತುಂಡು ಪೈಪನ್ನೂ ಬದಲಿಸಿ ಹೋದರು. ಈ ಸಲ ಅಂಗಡಿಯಲ್ಲಿ ಸಿಗುವ ದಪ್ಪ ಕವರ್ ಹಾಕಿದರೆ ಸಾಕಾ? ಡಿಸೆಂಬರ್ ಮಧ್ಯದಿಂದ ಐದು ವಾರ ನಾವು ಊರಿನಲ್ಲಿರುತ್ತೇವೆ. ಬರುವಾಗ ಅತ್ತೆಯವರೂ ಜೊತೆಗೆ ಬರುತ್ತಾರೆ. ಅವರಿಗೆ ಬೆಳಗ್ಗೆ ಹೊಸ್ತಿಲು ತೊಳೆಯಲು ಆ ನಲ್ಲಿ ಬೇಕೇ ಬೇಕಂತೆ.

ಉತ್ತರ: ಸಾಕಾಗುವುದಿಲ್ಲ. ನಲ್ಲಿಗೆ ಟೋಪಿ ಹಾಕಿ ಸುಮ್ಮನಾದರೆ ಟೋಪಿ ಬಿದ್ದದ್ದು ನಮಗೇ ಎಂದು ಫೆಬ್ರುವರಿಯಲ್ಲಿ ಗೊತ್ತಾಗುತ್ತದೆ. ಕವರ್ ಕೆಟ್ಟದ್ದು ಅಂತಲ್ಲ. ಅದರಿಂದ ಆಗುವ ಕೆಲಸವೇ ಬೇರೆ, ನೀವು ಅದರಿಂದ ಬಯಸುತ್ತಿರುವುದೇ ಬೇರೆ.

ಚಳಿಗೆ ನಾವು ಕಂಬಳಿ ಹೊದ್ದರೆ ಬೆಚ್ಚಗಾಗುತ್ತದೆ. ಯಾಕೆ? ಮೈಯೊಳಗೆ ಶಾಖ ಹುಟ್ಟುತ್ತಲೇ ಇರುತ್ತದೆ, ಕಂಬಳಿ ಅದನ್ನು ಹೊರಗೆ ಬಿಡುವುದಿಲ್ಲ. ಅದೇ ಕಂಬಳಿಯನ್ನು ಅಂಗಳದ ಕಲ್ಲಿಗೆ ಹೊದಿಸಿ. ಬೆಳಗ್ಗೆ ಕಲ್ಲು ತಣ್ಣಗೇ ಇರುತ್ತದೆ. ನಿಮ್ಮ ಹಿತ್ತಲ ಪೈಪು ಆ ಕಲ್ಲಿನ ಜಾತಿ. ಅದರೊಳಗೆ ಶಾಖ ಹುಟ್ಟುವುದಿಲ್ಲ. ನವೆಂಬರಿನಿಂದ ಮಾರ್ಚ್‌ವರೆಗೆ ಯಾರೂ ನಲ್ಲಿ ತಿರುಗಿಸುವುದಿಲ್ಲವಾದ್ದರಿಂದ ಹೊಸ ನೀರು ಬಂದು ಬೆಚ್ಚಗಾಗುವುದೂ ಇಲ್ಲ. ಇಲ್ಲಿನ ಮನೆಗಳಲ್ಲಿ ಸಾಮಾನ್ಯವಾಗಿ ಇರುವ 15 ಮಿಲಿಮೀಟರ್ ತಾಮ್ರದ ಪೈಪಿನಲ್ಲಿ ಒಂದು ಮೀಟರಿಗೆ ಹಿಡಿಯುವ ನೀರು ಸುಮಾರು 145 ಮಿಲಿಲೀಟರ್. ಒಂದು ಲೋಟ ಕಾಫಿಯಷ್ಟು. ಅಷ್ಟು ನೀರು ತಣ್ಣಗಾಗಲು ಎಷ್ಟು ಹೊತ್ತು ಬೇಕು ಹೇಳಿ? ಕವರ್ ಇದ್ದರೆ ಕೆಲವು ಗಂಟೆ ತಡವಾಗುತ್ತದೆ. ಒಂದು ರಾತ್ರಿಯ ಸಣ್ಣ ಹಿಮವಾದರೆ ಆ ಕೆಲವು ಗಂಟೆಯೇ ಪೈಪನ್ನು ಉಳಿಸಬಹುದು. ಹಗಲೂ ಸೊನ್ನೆಯ ಮೇಲೆ ಏಳದ ನಾಲ್ಕು ದಿನ ಬಂದರೆ ಉಳಿಸುವುದಿಲ್ಲ.

ಇನ್ನೊಂದು ವಿಷಯ. ಬಿಸಿ ಹಾಲಿನಲ್ಲಿ ಸ್ಟೀಲ್ ಸೌಟು ಬಿಟ್ಟರೆ ಅದರ ಹಿಡಿಯೂ ಸುಡುತ್ತದೆ ಅಲ್ವಾ? ಇಲ್ಲಿ ಅದೇ ತಿರುವುಮುರುವಾಗಿ ನಡೆಯುತ್ತದೆ. ಹೊರಗೆ ಚಾಚಿಕೊಂಡಿರುವ ಹಿತ್ತಾಳೆ ನಲ್ಲಿ ಗೋಡೆಯೊಳಗಿನ ತಾಮ್ರದಿಂದ ಶಾಖ ಎಳೆದು ಗಾಳಿಗೆ ಬಿಡುತ್ತಿರುತ್ತದೆ. ಹಾಗಾಗಿ ಹೆಪ್ಪುಗಟ್ಟುವುದು ಕಣ್ಣಿಗೆ ಕಾಣುವ ನಲ್ಲಿಯಲ್ಲಷ್ಟೇ ಅಲ್ಲ, ಗೋಡೆಯ ದಪ್ಪದೊಳಗೂ ಹೆಪ್ಪುಗಟ್ಟುತ್ತದೆ. ನಿಮ್ಮ ಬಬಲ್ ರ‍್ಯಾಪ್ ಸುತ್ತಿದ್ದು ನಲ್ಲಿಯ ತಲೆಗೆ. ಒದ್ದೆಯಾಗಿದ್ದು ಒಳಗಿನ ಗೋಡೆ. ಇನ್ನು ಆ ಟವೆಲ್! ಮಳೆಗೆ ನೆನೆದ ಬಟ್ಟೆ ಚಳಿ ತಡೆಯುವುದಿಲ್ಲ, ನಲ್ಲಿಯನ್ನು ಇನ್ನಷ್ಟು ತಣ್ಣಗೆ ಮಾಡುತ್ತದೆ. ಈ ವರ್ಷ ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ.

ಒಡೆಯುವುದು ಹೇಗೆ ಎಂದು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದು ತಿಳಿದರೆ ಮುಂದಿನದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಗಾಜಿನ ಬಾಟಲಿ ತುಂಬ ನೀರು ಹಾಕಿ ಫ್ರೀಜರಿನಲ್ಲಿಟ್ಟು ಮರೆತವರಿಗೆ ಗೊತ್ತು, ನೀರು ಮಂಜುಗಡ್ಡೆಯಾದಾಗ ಉಬ್ಬುತ್ತದೆ. ಸುಮಾರು ನೂರಕ್ಕೆ 9 ಪಾಲು. ಆದರೆ ಪೈಪು ಬಾಟಲಿಯ ಹಾಗೆ ಒಡೆಯುವುದಿಲ್ಲ. ಪೈಪಿನ ನಡುವೆ ಎಲ್ಲೋ ಒಂದು ಕಡೆ ಮೊದಲು ಮಂಜಿನ ಬಿರಡೆ ಕಟ್ಟುತ್ತದೆ. ಆ ಬಿರಡೆ ಉದ್ದಕ್ಕೆ ಬೆಳೆಯುತ್ತಾ ನಲ್ಲಿಯ ಕಡೆ ತಳ್ಳುತ್ತದೆ. ಆ ಕಡೆ ನಲ್ಲಿ ಬಿಗಿಯಾಗಿ ಮುಚ್ಚಿದೆ. ನಡುವೆ ಸಿಕ್ಕಿಕೊಂಡ ನೀರಿಗೆ ಹೋಗಲು ಜಾಗವಿಲ್ಲ, ಅದುಮಿದರೆ ನೀರು ಕುಗ್ಗುವುದೂ ಇಲ್ಲ. ಒತ್ತಡ ಏರುತ್ತಾ ಹೋಗಿ ತಾಮ್ರ ಬಟಾಣಿ ಸಿಪ್ಪೆಯಂತೆ ಉದ್ದಕ್ಕೆ ಸೀಳುತ್ತದೆ, ಇಲ್ಲವೇ ಜಾಯಿಂಟ್ ಕಿತ್ತು ಬರುತ್ತದೆ. ಅಂದರೆ ಒಡೆಯುವ ಜಾಗ ಮಂಜು ಕಟ್ಟಿದ ಜಾಗವೇ ಆಗಿರಬೇಕಿಲ್ಲ. ನೀರು ಸಿಕ್ಕಿಕೊಂಡ ಜಾಗ ಅದು.

ಬಿರಡೆಯ ಇನ್ನೊಂದು ಬದಿಯಲ್ಲಿ ಏನಾಗುತ್ತದೆ? ಬರೀ ಪೈಪು ಇದ್ದರೆ ನೀರು ಹಿಂದಕ್ಕೆ, ಬೀದಿಯ ಪೈಪಿನ ಕಡೆಗೆ, ಸರಿದುಕೊಳ್ಳುತ್ತದೆ. ಆದರೆ ನಿಮ್ಮ ಮನೆಯಲ್ಲಿ ಡಬಲ್ ಚೆಕ್ ವಾಲ್ವ್ ಇರಬೇಕು. ಹೋಸ್‌ಪೈಪಿನ ಕೊಳೆ ನೀರು ಕುಡಿಯುವ ನೀರಿಗೆ ವಾಪಸ್ ಹೋಗಬಾರದು ಎಂದು ಇಲ್ಲಿನ ನೀರು ಸರಬರಾಜಿನ 1999ರ ನಿಯಮಗಳು ಹಿತ್ತಲ ನಲ್ಲಿಗೆ ಅದನ್ನು ಕಡ್ಡಾಯ ಮಾಡಿವೆ. ಒಳ್ಳೆಯ ನಿಯಮ. ಆದರೆ ಅದರ ಕೆಲಸವೇ ನೀರನ್ನು ಹಿಂದೆ ಬಿಡದಿರುವುದು. ಹೀಗಾಗಿ ಮುಂದೆ ಮುಚ್ಚಿದ ನಲ್ಲಿ, ಹಿಂದೆ ಮುಚ್ಚಿದ ವಾಲ್ವ್, ನಡುವೆ ನೀರು ಎರಡೂ ಕಡೆ ಕೈದಿ. ಕವರ್ ಮಾರುವವರು ಇದನ್ನು ಹೇಳುವುದಿಲ್ಲ.

ಆದ್ದರಿಂದ ನನ್ನ ಸಲಹೆ ಒಂದೇ: ಆ ಪೈಪಿನಲ್ಲಿ ಚಳಿಗಾಲದಲ್ಲಿ ನೀರೇ ಇರಬಾರದು. ಖಾಲಿ ಪೈಪು ಮೈನಸ್ ಹದಿನೈದಕ್ಕೂ ಹೆದರಬೇಕಿಲ್ಲ.

ಸಿಂಕ್ ಕೆಳಗೆ ಟಾರ್ಚ್ ಹಿಡಿದು ಬಗ್ಗಿ ನೋಡಿ. ಹಿತ್ತಲ ಕಡೆಗೆ ಹೋಗುವ ಪೈಪಿನ ಮೇಲೆ ಆ ಪೈಪಿಗೆ ಮಾತ್ರ ನೀರು ನಿಲ್ಲಿಸುವ ಒಂದು ಐಸೊಲೇಶನ್ ವಾಲ್ವ್ ಇರಬೇಕು. ಹೆಚ್ಚಾಗಿ ಅದರ ಮೇಲೆ ಸ್ಕ್ರೂಡ್ರೈವರಿಗೆ ಒಂದು ಗೀರು ಇರುತ್ತದೆ. ಗೀರು ಪೈಪಿನ ಉದ್ದಕ್ಕೆ ಇದ್ದರೆ ವಾಲ್ವ್ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ. ಕಾಲು ಸುತ್ತು ಅಷ್ಟೇ. ವರ್ಷಗಟ್ಟಲೆ ಮುಟ್ಟದೆ ಬಿಟ್ಟ ವಾಲ್ವ್ ತಿರುಗಿಸಿದಾಗ ಒಮ್ಮೊಮ್ಮೆ ಕಣ್ಣೀರು ಹಾಕಲು ಶುರುಮಾಡುತ್ತದೆ. ಅದಕ್ಕೇ ಈ ಕೆಲಸವನ್ನು ವಿಮಾನ ಹತ್ತುವ ಹಿಂದಿನ ರಾತ್ರಿಗೆ ಇಟ್ಟುಕೊಳ್ಳಬೇಡಿ. ಅಕ್ಟೋಬರಿನ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದಲ್ಲ, ನಾನು ನಮ್ಮ ಮನೆಯದನ್ನು ಅವತ್ತೇ ಮಾಡುತ್ತೇನೆ. ಸಿಕ್ಕ ಒಂದು ಗಂಟೆಯಲ್ಲಿ ಹತ್ತು ನಿಮಿಷ ಇದಕ್ಕೆ.

ಮೊದಲು ಹೊರಗಿನ ಹೋಸ್‌ಪೈಪು ಬಿಚ್ಚಿ, ನೀರು ಇಳಿಸಿ, ಶೆಡ್ಡಿನಲ್ಲಿ ಸುತ್ತಿಡಿ. ಇದನ್ನು ಬಹಳ ಜನ ಬಿಡುತ್ತಾರೆ. ಹೋಸ್ ಸಿಕ್ಕಿಸಿ ತುದಿಗೆ ಸ್ಪ್ರೇ ಗನ್ ಹಾಕಿದ್ದರೆ ನಲ್ಲಿ ತೆರೆದರೂ ನೀರು ಹೊರಗೆ ಬರುವುದಿಲ್ಲ. ನನಗೆ ಈ ದೇಶದ ಮೊದಲ ಚಳಿಗಾಲದಲ್ಲಿ ಪಾಠ ಕಲಿಸಿದ್ದೂ ಅದೇ. ಪೈಪು ಒಡೆಯಬೇಕಾದರೆ ಟ್ರ್ಯಾಕ್ಟರ್ ಹತ್ತಬೇಕು ಎಂದುಕೊಂಡಿದ್ದ ಮಂಡ್ಯದವನು ನಾನು.

ಆಮೇಲೆ ಒಳಗಿನ ವಾಲ್ವ್ ಮುಚ್ಚಿ, ಹೊರಗಿನ ನಲ್ಲಿ ಪೂರ್ತಿ ತೆರೆಯಿರಿ. ಸ್ವಲ್ಪ ನೀರು ಬಂದು ನಿಲ್ಲುತ್ತದೆ. ಮುಗಿಯಿತು ಅಂದುಕೊಳ್ಳಬೇಡಿ. ಎಳನೀರಿನ ಸ್ಟ್ರಾ ಮೇಲೆ ಬೆರಳಿಟ್ಟು ಎತ್ತಿದರೆ ನೀರು ಕೆಳಗೆ ಬೀಳದೆ ಒಳಗೇ ನಿಲ್ಲುತ್ತದಲ್ಲ, ನಿಮ್ಮ ಪೈಪಿನಲ್ಲೂ ಹಾಗೇ ನಿಂತಿರಬಹುದು. ಹಿಂದಿನಿಂದ ಗಾಳಿ ಹೋಗಲು ದಾರಿ ಬೇಕು. ಅದಕ್ಕಾಗಿ ಚೆಕ್ ವಾಲ್ವ್ ಆದ ಮೇಲೆ, ಗೋಡೆಗೆ ಮುಂಚೆ, ಒಳಗಿನ ಪೈಪಿನ ಕೆಳಭಾಗದಲ್ಲಿ ಒಂದು ಪುಟ್ಟ ಡ್ರೈನ್ ಕಾಕ್ ಇರಬೇಕು. ಕೆಳಗೆ ಬಟ್ಟಲಿಟ್ಟು ಅದನ್ನು ತೆರೆದರೆ ಗೊಳ್ ಎಂದು ಉಳಿದ ನೀರೆಲ್ಲ ಇಳಿಯುತ್ತದೆ. ನಿಮ್ಮಲ್ಲಿ ಅದು ಇಲ್ಲದಿದ್ದರೆ ಹಾಕಿಸಿ. ನಾನು ನಿಮ್ಮ ಜಾಗದಲ್ಲಿದ್ದರೆ ಕವರಿನ ದುಡ್ಡನ್ನು ಮೊದಲು ಇದಕ್ಕೆ ಹಾಕುತ್ತಿದ್ದೆ. ಪ್ಲಂಬರ್ ಹೇಗೂ ಬರುವುದಾದರೆ ಗೀರಿನ ವಾಲ್ವ್ ತೆಗೆಸಿ ಹಿಡಿ ಇರುವ ಬಾಲ್ ವಾಲ್ವ್ ಹಾಕಿಸಿಕೊಳ್ಳಿ. ಕತ್ತಲೆಯಲ್ಲಿ ಸ್ಕ್ರೂಡ್ರೈವರ್ ಹುಡುಕುವುದು ತಪ್ಪುತ್ತದೆ. ಅವರು ಬರುವವರೆಗೆ, ನೀರು ಎಳೆಯುವ ವ್ಯಾಕ್ಯೂಮ್ ಇದ್ದರೆ ಅದರ ಬಾಯಿಯನ್ನು ಹೊರಗಿನ ನಲ್ಲಿಗೆ ಒತ್ತಿ ಹಿಡಿದು ಎಳೆಯಬಹುದು. ಪೂರ್ತಿ ಖಾಲಿಯಾಗದಿದ್ದರೂ ಉಬ್ಬಲು ಜಾಗವಾದರೂ ಆಗುತ್ತದೆ.

ಇಷ್ಟಾದ ಮೇಲೆ ಡ್ರೈನ್ ಕಾಕ್ ಮುಚ್ಚಿ. ಹೊರಗಿನ ನಲ್ಲಿಯನ್ನು ಮಾತ್ರ ಮುಚ್ಚಬೇಡಿ. ಇಡೀ ಚಳಿಗಾಲ ತೆರೆದೇ ಇರಲಿ. ಒಳಗೆ ಒಂದೆರಡು ಹನಿ ಉಳಿದಿದ್ದರೂ, ಒಳಗಿನ ವಾಲ್ವ್ ಸಣ್ಣಗೆ ಸೋರುತ್ತಿದ್ದರೂ ಅದು ಹೊರಗೆ ತೊಟ್ಟಿಕ್ಕಿ ಹೋಗುತ್ತದೆ. ಸೋರಿಕೆ ಇದ್ದದ್ದು ಕಣ್ಣಿಗೂ ಬೀಳುತ್ತದೆ. ನಿಮ್ಮ ಹೊಸ ನಲ್ಲಿ ಕಾಲು ಸುತ್ತಿನ ಹಿಡಿಯ ಬಾಲ್ ವಾಲ್ವ್ ಆಗಿದ್ದರೆ ಅದನ್ನು ಪೂರ್ತಿ ತೆರೆಯದೆ ಅರ್ಧಕ್ಕೆ, ಓರೆಯಾಗಿ ನಿಲ್ಲಿಸಿ. ಆ ನಲ್ಲಿಯೊಳಗೆ ತೂತಿರುವ ಒಂದು ಗುಂಡು ಇರುತ್ತದೆ. ಗುಂಡಿನ ಸುತ್ತ ಸಿಕ್ಕಿಕೊಂಡ ನೀರು ಅರ್ಧ ತೆರೆದಾಗ ಮಾತ್ರ ಇಳಿಯುತ್ತದೆ.

ಈಗ ಕವರ್ ಹಾಕಿ, ಬೇಡ ಅನ್ನುವುದಿಲ್ಲ. ಪೈಪಿನ ಉದ್ದ ಹೊರಗೆ ಕಾಣುತ್ತಿದ್ದರೆ ಫೋಮ್ ಲ್ಯಾಗಿಂಗ್, ಅಂದರೆ ಪೈಪಿಗೆ ತೊಡಿಸುವ ಫೋಮಿನ ಹೊದಿಕೆ, ಕೂಡ ಹಾಕಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ 9 ಮಿಲಿಮೀಟರ್ ದಪ್ಪದ್ದು ಹೊರಗಿನ ಕೆಲಸಕ್ಕೆ ತೀರಾ ತೆಳು. 19 ಅಥವಾ 25 ತೆಗೆದುಕೊಳ್ಳಿ. ಸಾದಾ ಬೂದು ಫೋಮ್ ಬಿಸಿಲಿಗೆ ಕೆಲವೇ ವರ್ಷಗಳಲ್ಲಿ ಹಪ್ಪಳದಂತೆ ಪುಡಿಯಾಗುತ್ತದೆ. ರಬ್ಬರಿನಂತಿರುವ ಕಪ್ಪು ನೈಟ್ರೈಲ್ ಫೋಮ್ ಉತ್ತಮ, ಅದರ ಮೇಲೂ ಹೊರಾಂಗಣದ ಟೇಪ್ ಸುತ್ತಬೇಕು. ಫೋಮಿನ ಸೀಳು ಕೆಳಮುಖವಾಗಿರಲಿ, ಮೇಲಿದ್ದರೆ ಮಳೆನೀರು ಒಳಗಿಳಿಯುತ್ತದೆ. ಮೂಲೆಗಳಲ್ಲಿ ಫೋಮನ್ನು ಬಗ್ಗಿಸಬೇಡಿ, ಓರೆಯಾಗಿ ಕತ್ತರಿಸಿ ಜೋಡಿಸಿ. ಬಗ್ಗಿಸಿದರೆ ಹೊರಮಗ್ಗುಲಲ್ಲಿ ಬಾಯಿ ಬಿಡುತ್ತದೆ. ಗೋಡೆಗೆ ಪೈಪು ಸೇರುವ ಕಡೆ ಎರಡು ಬೆರಳಷ್ಟು ಬಿಟ್ಟು ನಿಲ್ಲಿಸುವ ಸೋಮಾರಿತನವನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಚಳಿಗೆ ಅಷ್ಟು ಸಂದು ಸಾಕು.

ಗೋಡೆಯ ವಿಷಯ ಬಂತಲ್ಲ. ಇಲ್ಲಿನ ಹೆಚ್ಚಿನ ಮನೆಗಳ ಹೊರಗೋಡೆ ಎರಡು ಪದರ, ನಡುವೆ ಟೊಳ್ಳು. ಆ ಟೊಳ್ಳಿನಲ್ಲಿ ಪೈಪು ಸೀಳಿದರೆ ಹೊರಗಿನಿಂದ ಏನೂ ಕಾಣುವುದಿಲ್ಲ, ನೀರು ಒಳಗೊಳಗೇ ಇಳಿಯುತ್ತದೆ. ನಿಮ್ಮ ಕಪಾಟು ಒದ್ದೆಯಾಗಿದ್ದು ಹೀಗೇ ಇರಬೇಕು. ಪೈಪು ಗೋಡೆ ದಾಟುವ ಕಡೆ ಹೊರಗಿನಿಂದ ಪ್ಲಾಸ್ಟಿಕ್ ಕೊಳವೆ (ಸ್ಲೀವ್) ತೊಡಿಸಿ, ಹೊರಗೆ ಸ್ವಲ್ಪ ಇಳಿಜಾರು ಕೊಟ್ಟು, ಸುತ್ತ ಸಂದು ಮುಚ್ಚಿದ್ದಾರಾ ಎಂದು ಪ್ಲಂಬರನ್ನು ಕೇಳಿ. ಕಳೆದ ಸಲ ಬದಲಿಸಿದ್ದು ಯಾವ ತುಂಡು ಎಂದೂ ಕೇಳಿ. ಗೋಡೆಯೊಳಗಿನ ಹಳೆ ತುಂಡು ಹಾಗೇ ಉಳಿದಿದ್ದರೆ ಅದು ಒಮ್ಮೆ ಉಬ್ಬಿ ತೆಳುವಾಗಿರಬಹುದು.

ಇಲ್ಲಿನ ಗೆಳೆಯರು ಎರಡು ಮಾತು ಹೇಳುತ್ತಾರೆ, ಎರಡನ್ನೂ ಸ್ವಲ್ಪ ತಿದ್ದಬೇಕು. ಒಂದು, ಮೈನಸ್ 6 ಅಥವಾ 7ರವರೆಗೆ ಪೈಪಿಗೆ ಏನೂ ಆಗುವುದಿಲ್ಲ ಎನ್ನುವುದು. ಆ ಲೆಕ್ಕ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ರಯೋಗದ್ದು. ಅಲ್ಲಿ ನೋಡಿದ್ದು ಮನೆಯ ಮಾಳಿಗೆಯೊಳಗೆ, ಗಾಳಿ ತಾಗದ ಕಡೆ ಇರುವ ಪೈಪನ್ನು. ನಿಮ್ಮದು ಬಯಲಿನಲ್ಲಿ, ಉತ್ತರದ ಗಾಳಿಗೆ ಎದೆಯೊಡ್ಡಿ ನಿಂತಿದೆ. ರಾತ್ರಿಯಿಡೀ ಮೈನಸ್ 2, 3 ಇದ್ದರೇ ನನಗೆ ನಿದ್ದೆ ಬರುವುದಿಲ್ಲ. ಇನ್ನೊಂದು, ಗಾಳಿ ಬೀಸಿದರೆ ಮೈನಸ್ 2 ಕೂಡ ಮೈನಸ್ 8ರಂತಾಗುತ್ತದೆ ಎನ್ನುವುದು. ಅದು ನಮ್ಮ ಚರ್ಮದ ಲೆಕ್ಕ. ಗಾಳಿ ಎಷ್ಟೇ ಬೀಸಲಿ, ಪೈಪು ಗಾಳಿಗಿಂತ ತಣ್ಣಗಾಗುವುದಿಲ್ಲ. ಬೇಗ ತಣ್ಣಗಾಗುತ್ತದೆ ಅಷ್ಟೇ.

ನಲ್ಲಿಯನ್ನು ಸಣ್ಣಗೆ ಹರಿಯಲು ಬಿಟ್ಟರೆ ಹೇಗೆ ಎಂದು ಕೆಲವರು ಕೇಳುತ್ತಾರೆ. ಒಂದು ರಾತ್ರಿಯ ಮಟ್ಟಿಗೆ ಕೆಲಸ ಮಾಡುತ್ತದೆ. ಆದರೆ ನೀರು ದಂಡ, ಬೆಳಗ್ಗೆ ಅಂಗಳ ಗಾಜಿನಂತಾಗಿರುತ್ತದೆ. ಕುದುರೆ ಲಾಯದಂಥ ಕಡೆ ಚಳಿಗಾಲದಲ್ಲೂ ಹೊರಗೆ ನೀರು ಬೇಕೇ ಬೇಕಾದರೆ ಪೈಪಿನ ಗುಂಟ ಬಿಸಿಯಾಗುವ ತಂತಿ ಎಳೆದು, ಅದರ ಮೇಲೆ ಲ್ಯಾಗಿಂಗ್ ಹಾಕುತ್ತಾರೆ. ಅದು ಎಲೆಕ್ಟ್ರಿಷಿಯನ್ ಕೆಲಸ, ನಿಮಗೆ ಬೇಕಾಗಿಲ್ಲ. ಉದ್ದ ಕಾಂಡದ ಫ್ರಾಸ್ಟ್-ಫ್ರೀ ನಲ್ಲಿಗಳೂ ಬರುತ್ತವೆ. ಅವುಗಳಲ್ಲಿ ನೀರು ನಿಲ್ಲಿಸುವ ವಾಷರ್ ಗೋಡೆಯ ಒಳಗೆ, ಬೆಚ್ಚಗಿನ ಕಡೆ ಇರುತ್ತದೆ. ಮುಚ್ಚಿದಾಗ ಹೊರಗಿನ ಭಾಗ ತಾನೇ ಖಾಲಿಯಾಗುತ್ತದೆ. ಅಮೆರಿಕ, ಕೆನಡಾದಲ್ಲಿರುವ ನಮ್ಮವರಿಗೆ ಇದು ಪರಿಚಯ. ಒಳ್ಳೆಯ ವಸ್ತು. ಆದರೆ ಅದಕ್ಕೂ ಹೋಸ್ ಸಿಕ್ಕಿಸಿ ಬಿಟ್ಟರೆ ಖಾಲಿಯಾಗುವುದಿಲ್ಲ, ಅದೂ ಒಡೆಯುತ್ತದೆ.

ಐದು ವಾರದ ಪ್ರಯಾಣದ ಬಗ್ಗೆ ನನಗೆ ನಲ್ಲಿಗಿಂತ ಜಾಸ್ತಿ ಚಿಂತೆ. ಪೈಪು ಒಡೆಯುವುದು ಹೆಪ್ಪುಗಟ್ಟಿದಾಗ, ನೀರು ನುಗ್ಗುವುದು ಕರಗಿದಾಗ. ಮಂಜಿನ ಬಿರಡೆ ಇರುವವರೆಗೆ ಸೀಳಿನಿಂದ ಒಂದು ಹನಿಯೂ ಬರುವುದಿಲ್ಲ. 2010ರ ಡಿಸೆಂಬರಿನಲ್ಲಿ ಉತ್ತರ ಐರ್ಲೆಂಡಿನಲ್ಲಿ ಮೈನಸ್ 18ರವರೆಗೆ ಇಳಿದಿತ್ತು. ಆಗ ಅಲ್ಲ, ಕ್ರಿಸ್ಮಸ್ ಕಳೆದು ಒಮ್ಮೆಲೇ ಬೆಚ್ಚಗಾದಾಗ ಗೋಳು ಶುರುವಾಯಿತು. ರಜೆಗೆ ಬೀಗ ಹಾಕಿದ್ದ ಮನೆ, ಅಂಗಡಿಗಳಲ್ಲಿ ಸೀಳಿದ ಪೈಪುಗಳಿಂದ ನೀರು ಹರಿಯುತ್ತಲೇ ಇತ್ತು, ನಿಲ್ಲಿಸಲು ಯಾರೂ ಇರಲಿಲ್ಲ. ಟ್ಯಾಂಕುಗಳು ಬರಿದಾಗಿ ಹತ್ತಾರು ಸಾವಿರ ಮನೆಗಳಿಗೆ ಹೊಸ ವರ್ಷದವರೆಗೂ ನೀರಿರಲಿಲ್ಲ. ನೀವು ಊರಿನಲ್ಲಿ ಅವರೆಕಾಳು ಹಿಸುಕುತ್ತಿರುವಾಗ ಇಲ್ಲಿ ನಿಮ್ಮ ಅಡುಗೆಮನೆ ಕೆರೆಯಾಗಬಾರದಲ್ಲ.

ಹೊರಡುವ ದಿನ ಇಡೀ ಮನೆಗೆ ನೀರು ನಿಲ್ಲಿಸುವ ಮುಖ್ಯ ಸ್ಟಾಪ್‌ಕಾಕ್ ಮುಚ್ಚಿ. ಅದೂ ಹೆಚ್ಚಾಗಿ ಸಿಂಕ್ ಕೆಳಗೇ ಇರುತ್ತದೆ, ಬಲಕ್ಕೆ ತಿರುಗಿಸಬೇಕು. ಆಮೇಲೆ ಅಡುಗೆಮನೆಯ ತಣ್ಣೀರು ನಲ್ಲಿ ತೆರೆದು ಒತ್ತಡ ಇಳಿಸಿ. ಹೀಟಿಂಗ್ ಪೂರ್ತಿ ಆರಿಸಬೇಡಿ, 12 ಡಿಗ್ರಿಗೆ ಬಿಡಿ. ನಿಮ್ಮದು ತೊಟ್ಟಿ ಇಲ್ಲದ ಕಾಂಬಿ ಬಾಯ್ಲರ್ ಆದರೆ ಸ್ಟಾಪ್‌ಕಾಕ್ ಮುಚ್ಚಿದರೂ ಹೀಟಿಂಗ್ ನಡೆಯುತ್ತದೆ. ಮಾಳಿಗೆಯಲ್ಲಿ ನೀರಿನ ತೊಟ್ಟಿ ಇರುವ ಹಳೆಯ ಪದ್ಧತಿಯಾದರೆ ಬಾಯ್ಲರ್ ನೋಡುವವರನ್ನು ಕೇಳಿಯೇ ಮುಚ್ಚಿ. ಬಾಯ್ಲರಿನ ತ್ಯಾಜ್ಯ ನೀರನ್ನು ಹೊರಗೆ ಹರಿಸುವ ತೆಳು ಬಿಳಿ ಪ್ಲಾಸ್ಟಿಕ್ ಪೈಪನ್ನೂ ಒಮ್ಮೆ ನೋಡಿ. ಅದು ಹೆಪ್ಪುಗಟ್ಟಿದರೆ ಬಾಯ್ಲರ್ ನಿಲ್ಲುತ್ತದೆ, ನಿಮ್ಮ 12 ಡಿಗ್ರಿಯೂ ಹೋಗುತ್ತದೆ. ಅದಕ್ಕೆ ಲ್ಯಾಗಿಂಗ್ ಹಾಕಿಸಿ. ಮನೆ ವಿಮೆಯ ಕಾಗದವನ್ನೂ ತೆಗೆದು ಓದಿ. ಅನೇಕ ಪಾಲಿಸಿಗಳಲ್ಲಿ ಮನೆ 30 ದಿನಕ್ಕಿಂತ ಹೆಚ್ಚು ಖಾಲಿ ಇದ್ದರೆ ನೀರಿನ ಹಾನಿಗೆ ಪರಿಹಾರ ಇಲ್ಲ ಎಂಬ ಷರತ್ತಿರುತ್ತದೆ. ನಿಮ್ಮದು 35 ದಿನ. ಫೋನ್ ಮಾಡಿ ಮೊದಲೇ ಹೇಳಿಬಿಡಿ. ಪಕ್ಕದ ಮನೆಯವರಿಗೆ ಒಂದು ಬೀಗದ ಕೈ ಕೊಟ್ಟು, ಸ್ಟಾಪ್‌ಕಾಕ್ ಎಲ್ಲಿದೆ ಎಂದು ತೋರಿಸಿ ಹೋಗಿ. ವಾಪಸ್ ಬಂದು ಸ್ಟಾಪ್‌ಕಾಕ್ ತೆರೆಯುವಾಗ ಪೂರ್ತಿ ತೆರೆದು ಕಾಲು ಸುತ್ತು ಹಿಂದಕ್ಕೆ ತಿರುಗಿಸಿ, ಕಚ್ಚಿಕೊಳ್ಳುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಯಾವತ್ತಾದರೂ ಹಿತ್ತಲ ನಲ್ಲಿ ಹೆಪ್ಪುಗಟ್ಟಿದರೆ ಮೊದಲು ಒಳಗಿನ ವಾಲ್ವ್ ಮುಚ್ಚಿ, ಹೊರಗೆ ನಲ್ಲಿ ತೆರೆಯಿರಿ. ಬಿಸಿ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ನಲ್ಲಿಯ ಬಾಯಿಯಿಂದ ಶುರುಮಾಡಿ ಗೋಡೆಯ ಕಡೆಗೆ ಹಾಕುತ್ತಾ ಬನ್ನಿ. ಕರಗಿದ ನೀರು ಹೊರಗೆ ಬರಲು ದಾರಿ ಇರಬೇಕು, ಅದಕ್ಕೇ ಬಾಯಿಯಿಂದ. ಕುದಿಯುವ ನೀರು ಸುರಿಯಬೇಡಿ, ಬೆಂಕಿಯಂತೂ ಬೇಡವೇ ಬೇಡ. ಕರಗಿತು ಎನಿಸಿದ ಮೇಲೆ ನಲ್ಲಿ ಮುಚ್ಚಿ, ಒಳಗಿನ ವಾಲ್ವನ್ನು ಸ್ವಲ್ಪವೇ ತೆರೆದು, ಜಾಯಿಂಟಿನ ಕೆಳಗೆ ಒಣ ಟಿಶ್ಯೂ ಹಿಡಿದು ನೋಡಿ. ಬೆರಳಿಗೆ ತಿಳಿಯದ ಸೋರಿಕೆ ಟಿಶ್ಯೂಗೆ ತಿಳಿಯುತ್ತದೆ. ಮಾರ್ಚ್ ಕೊನೆಗೆ ನಲ್ಲಿಯನ್ನು ಮತ್ತೆ ಶುರುಮಾಡುವಾಗಲೂ ಹೀಗೇ ಮಾಡಿ.

ಇನ್ನು ಅತ್ತೆಯವರ ಹೊಸ್ತಿಲು. ಜನವರಿ ಕೊನೆಯ ಬೆಳಗ್ಗೆ ಲೀಡ್ಸ್‌ನಲ್ಲಿ ಬಾಗಿಲ ಮುಂದೆ ನೀರು ಚೆಲ್ಲಿದರೆ ರಂಗೋಲಿ ಇಡುವಷ್ಟರಲ್ಲಿ ಅದು ಗಾಜಾಗಿರುತ್ತದೆ. ಮೊದಲು ಜಾರುವವರು ಪೋಸ್ಟ್‌ಮ್ಯಾನ್, ಇಲ್ಲವೇ ಅವರೇ. ಅಡುಗೆಮನೆಯಿಂದ ಬಿಸಿ ನೀರು ತಂದು ಸುರಿದರೂ ಚೆಲ್ಲಿದ ಮೇಲೆ ಅದೂ ಹೆಪ್ಪುಗಟ್ಟುತ್ತದೆ. ಚಳಿ ಜೋರಿರುವ ದಿನಗಳಲ್ಲಿ ಬಟ್ಟೆ ಹಿಂಡಿ ಹೊಸ್ತಿಲು ಒರೆಸಿ, ಒಣ ಬಟ್ಟೆಯಲ್ಲಿ ತೇವ ತೆಗೆದು, ರಂಗೋಲಿ ಒಳಗಡೆ ಇಡಲಿ. ಎರಡು ಮೂರು ದಿನ ಹಿಮದ ಮುನ್ಸೂಚನೆ ಇಲ್ಲ ಎಂದಾದರೆ ವಾಲ್ವ್ ತೆರೆದು ನಲ್ಲಿಯಲ್ಲೇ ತೊಳೆಯಬಹುದು. ಸಂಜೆ ಮತ್ತೆ ವಾಲ್ವ್ ಮುಚ್ಚಿ, ಡ್ರೈನ್ ಕಾಕಿನಿಂದ ನೀರು ಇಳಿಸಿ, ಹೊರಗೆ ನಲ್ಲಿ ತೆರೆದಿಡುವುದು ಎರಡು ನಿಮಿಷದ ಕೆಲಸ. ಒಂದು ಸಲ ತೋರಿಸಿಕೊಟ್ಟರೆ ಅತ್ತೆಯವರೇ ಮಾಡುತ್ತಾರೆ. ಊರಿನಲ್ಲಿ ಎರಡು ದಿನಕ್ಕೊಮ್ಮೆ ಬರುವ ನೀರಿಗೆ ಯಾವ ವಾಲ್ವ್ ಯಾವಾಗ ತಿರುಗಿಸಬೇಕು ಎಂದು ಲೆಕ್ಕ ಇಟ್ಟವರಿಗೆ ಇದೇನು ಮಹಾ.